ಕಂಡದ್ದನ್ನೆಲ್ಲ ಹೇಳಬೇಕೆ?

2021ರ ಫೆಬ್ರವರಿಯಲ್ಲಿ ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಮಾಗುರಿ ಬೀಲ್ ಎಂಬ ಜೌಗು ಕೆರೆಯಲ್ಲಿ ಮ್ಯಾಂಡರಿನ್ ಬಾತು ಕಾಣಿಸಿಕೊಂಡಿತು. ರಷ್ಯಾ, ಚೀನಾ, ಜಪಾನ್ ಕಡೆಯ ಈ ಬಣ್ಣದ ಹಕ್ಕಿ ಭಾರತಕ್ಕೆ ಬರುವುದೇ ಅಪರೂಪ. ಸುದ್ದಿ ಹರಡಿತು, ಪಕ್ಷಿಪ್ರಿಯರು ಕ್ಯಾಮೆರಾ ಹಿಡಿದು ಹೊರಟರು.

ಅದನ್ನು ಮೊದಲು ಕಂಡವರು ನಾವಾಗಿದ್ದರೆ ಹೇಳುತ್ತಿದ್ದೆವೆ? ಹಂಚಿಕೊಂಡರೆ ಸಂತೋಷ ಹೆಚ್ಚುತ್ತದೆ, ನಿಜ. ಆದರೆ ಅದರ ಬೆಲೆ ತೆರುವುದು ಹಕ್ಕಿ. ದೋಣಿ ತೀರಾ ಹತ್ತಿರ ಬಂದಾಗಲೆಲ್ಲ ಬಾತು ಮೇವು ಬಿಟ್ಟು ಹಾರಬೇಕು. ಚಳಿಗಾಲಕ್ಕೆ ಬೇಕಾದ ಕಸುವು ಹಾರಾಟದಲ್ಲೇ ಕರಗುತ್ತದೆ. ಹಾಗಾದರೆ ಸುಮ್ಮನಿರುವುದೇ ಧರ್ಮವೇ?

ಅಷ್ಟು ಸುಲಭವಲ್ಲ. ಹಿಂದಿನ ವರ್ಷವಷ್ಟೇ ಪಕ್ಕದ ಬಾಘ್‌ಜಾನ್‌ನಲ್ಲಿ ಅನಿಲ ಬಾವಿ ಸಿಡಿದು, ಎಣ್ಣೆ ಈ ಕೆರೆಗೂ ಸೇರಿತ್ತು. ಅಂಥ ನೀರಿಗೆ ಅಪರೂಪದ ಅತಿಥಿ ಬಂದಿದೆ ಎಂಬ ಮಾತು ಕೆರೆಯ ಪರವಾದ ಸಾಕ್ಷಿ. ಯಾರೂ ಮಾತಾಡದ ಕೆರೆಯನ್ನು ಪಾಳುನೆಲವೆಂದು ಬರೆದುಬಿಡುವುದು ಸುಲಭ.

ಹಕ್ಕಿಗಳ ದಾಖಲೆ ಇಡುವ ಇ-ಬರ್ಡ್ ಜಾಲತಾಣ ಒಂದು ದಾರಿ ಕಂಡುಕೊಂಡಿದೆ. ಬೇಟೆ, ಕಿರುಕುಳದ ಭಯ ಹೆಚ್ಚಿರುವ ಜಾತಿಗಳ ದಾಖಲೆಯನ್ನು ಅದು ಸ್ವೀಕರಿಸುತ್ತದೆ; ನಿಖರ ಜಾಗವನ್ನು ಮಾತ್ರ ಎಲ್ಲರಿಗೂ ತೋರಿಸುವುದಿಲ್ಲ. ನಿಜ ಹೇಳುವುದು ಬೇರೆ, ಎಲ್ಲವನ್ನೂ ಎಲ್ಲರಿಗೂ ಈಗಲೇ ಹೇಳುವುದು ಬೇರೆ.

ಹೇಳುವ ಮುನ್ನ ಕೇಳಿಕೊಳ್ಳಬೇಕಾದ್ದು ಒಂದೇ: ಈ ಮಾತು ಹಕ್ಕಿಗಾಗಿಯೋ, ನನ್ನ ಹೆಸರಿಗಾಗಿಯೋ? ಹೆಸರಿಗಾಗಿ ಎಂದಾದರೆ, ಹಕ್ಕಿ ಹೊರಟುಹೋಗುವ ತನಕ ಕಾಯೋಣ. ತಡವಾಗಿ ಹೇಳಿದ ಮಾತ್ರಕ್ಕೆ ಕಂಡದ್ದು ಸುಳ್ಳಾಗುವುದಿಲ್ಲ.