ದಯೆಯೂ ಅರಿವೂ

ದಯೆಯೊಂದೇ ಇದ್ದರೆ ಧರ್ಮಾಚರಣೆಯು ಪೂರ್ಣವಾಗುವುದೇ? ಕಾವೇರಿಯ ಮೀನುಗಳ ವೃತ್ತಾಂತವನ್ನು ವಿಚಾರಿಸೋಣ.

ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಜೀವಿಸತಕ್ಕ ಮೀನು. ಮಹಶೀರ್ ಸಂತತಿಯು ವೃದ್ಧಿಯಾಗಲೆಂಬ ಸದುದ್ದೇಶದಿಂದಲೇ ಕಳೆದ ಶತಮಾನದ ಉತ್ತರಾರ್ಧದಲ್ಲಿ ಲೋಣಾವಳದಲ್ಲಿ ಸಾಕಿದ ನೀಲಿರೆಕ್ಕೆಯ ಬೇರೊಂದು ಜಾತಿಯನ್ನು ಈ ನದಿಗೆ ಬಿಟ್ಟರು. ಅತಿಥಿಯು ಹೆಚ್ಚಿತು, ಮನೆಯೊಡೆಯನು ಕ್ಷೀಣಿಸಿದನು. ಅಣೆಕಟ್ಟು, ಸಿಡಿಮದ್ದುಗಳ ಹಾವಳಿಯೂ ಇದಕ್ಕೆ ಕೂಡಿತು. ಮೂಲಮೀನಿನ ಶಾಸ್ತ್ರೀಯ ನಾಮವು ನಿಶ್ಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯಗ್ರಸ್ತ ಜೀವಿಗಳ ಪಟ್ಟಿಗೆ ಸೇರಿತು.

ಸದ್ಭಕ್ತರೇ, ಮೀನು ಸಾಕುವುದು ದೋಷವಲ್ಲ. ಆಯಾ ನದಿಯ ಸಂತತಿಯನ್ನೇ ಆ ನದಿಗಾಗಿ ಬೆಳೆಸಬೇಕು. ಮಡುವಿನ ಮರ್ಮ ಬಲ್ಲ ದಡದ ಬೆಸ್ತರನ್ನು ಈ ಕಾಯಕದಲ್ಲಿ ಸಹಭಾಗಿಗಳನ್ನಾಗಿ ಮಾಡಿಕೊಳ್ಳಬೇಕು. ಯಾರನ್ನು ಉಳಿಸಹೊರಟೆವೋ ಅವರನ್ನು ಮೊದಲು ಅರಿಯುವುದೇ ದಯೆಯ ಮೊದಲ ಮೆಟ್ಟಿಲು.