ಕ್ಲಬ್ಬಿನ ಸದಸ್ಯತ್ವವೂ ಪರಿಗ್ರಹ ಪರಿಮಾಣವೂ

ಶ್ರಾವಕನು ಪರಿಗ್ರಹ ಪರಿಮಾಣ ವ್ರತವನ್ನು ಕೈಗೊಳ್ಳುವಾಗ ತನ್ನ ಸ್ವತ್ತನ್ನೆಲ್ಲ ಎಣಿಸಿ, ಅದಕ್ಕೆ ಮಿತಿಯನ್ನು ಕಟ್ಟಿಕೊಳ್ಳುತ್ತಾನೆ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ, ಕುಪ್ಯ ಎಂದು ಉಮಾಸ್ವಾಮಿ ಆಚಾರ್ಯರು ಹೆಸರಿಸಿದ ಬಾಹ್ಯ ವಸ್ತುಗಳಲ್ಲಿ ಇಂದಿನ ಗೃಹಸ್ಥನ ಆಸ್ತಿಯೂ ಬಹುಮಟ್ಟಿಗೆ ಅಡಗುತ್ತದೆ. ನಿವೇಶನವು ಕ್ಷೇತ್ರದಲ್ಲಿ ಸೇರುತ್ತದೆ, ಬ್ಯಾಂಕಿನ ಠೇವಣಿ ಧನದಲ್ಲಿ, ಬಟ್ಟೆಬರೆ ಕುಪ್ಯದಲ್ಲಿ. ಆದರೆ ಕ್ಲಬ್ಬಿನ ಸದಸ್ಯತ್ವವನ್ನು ಯಾವ ಮನೆಯಲ್ಲಿ ಬರೆಯಬೇಕು? ಅದನ್ನು ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ದಾನ ಮಾಡುವಂತಿಲ್ಲ. ಅದಕ್ಕಾಗಿ ಲಕ್ಷಗಟ್ಟಲೆ ಹಣವನ್ನು ಕೊಟ್ಟವರೂ ವರ್ಷಗಟ್ಟಲೆ ಕಾದವರೂ ಇದ್ದಾರೆ. ಕೈಯಲ್ಲಿ ಉಳಿಯುವುದು ಒಂದು ಚೀಟಿ ಮಾತ್ರ. ಲೆಕ್ಕಕ್ಕೆ ಸಿಗದ ವಸ್ತುವಾದುದರಿಂದ ಅದು ಪರಿಗ್ರಹವೇ ಅಲ್ಲವೆಂದು ಬಿಟ್ಟುಬಿಡಬಹುದೇ ಎಂಬುದು ಇಲ್ಲಿ ವಿಚಾರಿಸತಕ್ಕ ವಿಷಯ.

ಸಾದಲಿಯಂತಹ ಹೋಬಳಿಯ ಊರಿಗೆ ಈ ಪ್ರಶ್ನೆ ದೂರದ್ದೆಂದು ಹಿಂದೆ ತೋರುತ್ತಿದ್ದಿರಬಹುದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ನಂದಿಬೆಟ್ಟದ ತಪ್ಪಲಿನ ಹೊಲಗಳು ಬಡಾವಣೆಗಳಾಗಿ, ವಿಹಾರಧಾಮಗಳಾಗಿ, ಗಾಲ್ಫ್ ಮೈದಾನಗಳಾಗಿ ಮಾರ್ಪಟ್ಟಿವೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಿಂದ ಬೆಂಗಳೂರಿಗೆ ಹೋಗಿ ಉದ್ಯೋಗದಲ್ಲಿ ಮುಂದೆ ಬಂದ ಮಕ್ಕಳ ಮುಂದೆ ಸದಸ್ಯತ್ವದ ಅರ್ಜಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಾದಲಿಯಲ್ಲಿ ಅಂಗಡಿ ನಡೆಸುವ ತಂದೆಗೆ ಮಗನು ದೂರವಾಣಿಯಲ್ಲಿ ಹೀಗೆ ಹೇಳುತ್ತಾನೆಂದು ಭಾವಿಸೋಣ: “ಅಪ್ಪಾಜಿ, ಅಲ್ಲಿ ಈಜುಕೊಳ ಇದೆ, ಮಕ್ಕಳಿಗೆ ಟೆನಿಸ್ ಇದೆ, ನಾಲ್ಕು ಜನ ದೊಡ್ಡವರ ಪರಿಚಯ ಆಗುತ್ತೆ. ಕುಡಿಯುವವರು ಕುಡಿಯಲಿ, ನಮಗೇನು?” ಈ ಕೊನೆಯ ಮಾತುಗಳಲ್ಲಿಯೇ ವಿಷಯದ ತಿರುಳಿದೆ.

ಮೊದಲು ಕಣ್ಣಿಗೆ ಕಾಣುವ ವೆಚ್ಚವನ್ನು ನೋಡಬಹುದು. ಪ್ರವೇಶಶುಲ್ಕವೆಂಬುದು ಸಾಮಾನ್ಯವಾಗಿ ಹಿಂದಿರುಗದ ಹಣ. ಅದರ ಮೇಲೆ ತಿಂಗಳ ಅಥವಾ ವರ್ಷದ ಚಂದಾ, ಚಂದಾದ ಮೇಲೆ ನೂರಕ್ಕೆ 18ರ ತೆರಿಗೆ, ಅತಿಥಿಯನ್ನು ಕರೆತಂದರೆ ಅದಕ್ಕೊಂದು ಶುಲ್ಕ, ಕಟ್ಟಡ ದುರಸ್ತಿಗೆಂದು ಆಗಾಗ ಹಾಕುವ ವಿಶೇಷ ವಂತಿಗೆ. ಇವುಗಳಿಗೆಲ್ಲ ಮೊದಲು ಅರ್ಜಿದಾರನನ್ನು ಸೂಚಿಸುವ ಒಬ್ಬ ಸದಸ್ಯ, ಅನುಮೋದಿಸುವ ಮತ್ತೊಬ್ಬ ಸದಸ್ಯ ಬೇಕು. ಹಳೆಯ ಕಾಲದ ಕ್ಲಬ್ಬುಗಳಲ್ಲಿ ಪೆಟ್ಟಿಗೆಯೊಳಗೆ ಬಿಳಿಯ ಅಥವಾ ಕರಿಯ ಗುಂಡನ್ನು ಹಾಕಿ ರಹಸ್ಯವಾಗಿ ಮತ ಕೊಡುವ ಪದ್ಧತಿಯಿತ್ತು. ಕೆಲವೇ ಕರಿಯ ಗುಂಡುಗಳು ಬಿದ್ದರೂ ಅರ್ಜಿ ಬಿದ್ದುಹೋಗುತ್ತಿತ್ತು. ಹೀಗೆ ಒಳಗೆ ಬಂದವನು ಸೂಚಕ ಅನುಮೋದಕರ ಋಣವನ್ನೂ ಹೊತ್ತೇ ಬರುತ್ತಾನೆ. ಈ ಋಣವು ಯಾವ ರಸೀದಿಯಲ್ಲಿಯೂ ಕಾಣುವುದಿಲ್ಲ.

ಇವೆಲ್ಲಕ್ಕಿಂತ ವ್ರತಿಯು ಗಮನಿಸಬೇಕಾದ ನಿಯಮ ಮತ್ತೊಂದುಂಟು. ಕೆಲವು ಕ್ಲಬ್ಬುಗಳಲ್ಲಿ ಕನಿಷ್ಠ ಬಳಕೆಯ ನಿಬಂಧನೆಯಿದೆ. ಸದಸ್ಯನು ಇಂತಿಷ್ಟು ಅವಧಿಯಲ್ಲಿ ಇಂತಿಷ್ಟು ಹಣದ ತಿಂಡಿ ತೀರ್ಥಗಳನ್ನು ಅಲ್ಲಿ ಬಳಸಲೇಬೇಕು. ಬಳಸದಿದ್ದರೂ ಆ ಹಣವನ್ನು ಅವನ ಲೆಕ್ಕಕ್ಕೆ ಹಾಕುತ್ತಾರೆ. ಭೋಗೋಪಭೋಗ ಪರಿಮಾಣವೆಂಬ ವ್ರತವು ಹೇಳುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಒಮ್ಮೆ ಅನುಭವಿಸಿ ತೀರುವ ಆಹಾರಾದಿಗಳು ಭೋಗ. ಮತ್ತೆ ಮತ್ತೆ ಅನುಭವಿಸಬರುವ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ‘ಇದಕ್ಕಿಂತ ಹೆಚ್ಚು ಬೇಡ’ ಎಂದು ಮೇಲಿನ ಎಲ್ಲೆಯನ್ನು ಕಟ್ಟುವುದು ವ್ರತ. ಕ್ಲಬ್ಬಿನ ನಿಯಮವಾದರೋ ‘ಇದಕ್ಕಿಂತ ಕಡಿಮೆ ಕೂಡದು’ ಎಂದು ಕೆಳಗಿನ ಎಲ್ಲೆಯನ್ನು ಕಟ್ಟುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ, ದಶಲಕ್ಷಣ ಪರ್ವದಲ್ಲಿ ಏಕಭುಕ್ತವಿರುವ ಸದಸ್ಯನೊಬ್ಬನು ತಿಂಗಳ ಕೊನೆಯಲ್ಲಿ ಉಣ್ಣದ ಊಟಕ್ಕೆ ಹಣ ತೆರುತ್ತಾನೆ, ಇಲ್ಲವೆ ಹಣ ವ್ಯರ್ಥವಾದೀತೆಂದು ಉಣ್ಣಲು ಹೋಗುತ್ತಾನೆ. ಮೊದಲನೆಯದು ದಂಡ, ಎರಡನೆಯದು ಅತಿಚಾರಕ್ಕೆ ತೆರೆದ ಬಾಗಿಲು.

ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಎರಡು ಬಗೆಯಾಗಿ ವಿಭಾಗಿಸಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಕ್ಲಬ್ಬಿನಲ್ಲಿಯೂ ಇವೆರಡು ಇವೆಯೆಂದರೆ ಓದುಗರು ನಕ್ಕಾರು. ಆದರೂ ಅಲ್ಲಿ ವಾರ್ಷಿಕ ಸದಸ್ಯತ್ವವುಂಟು, ಆಜೀವ ಸದಸ್ಯತ್ವವುಂಟು. ಇಲ್ಲಿ ಬಿಡುವುದಕ್ಕೆ ಹಾಕಿಕೊಳ್ಳುವ ಅವಧಿಯನ್ನು ಅಲ್ಲಿ ಹಿಡಿಯುವುದಕ್ಕೆ ಹಾಕಿಕೊಳ್ಳುತ್ತಾರೆ.

ಇಷ್ಟಾದರೂ ಕ್ಲಬ್ಬುಗಳೆಲ್ಲ ವಿಲಾಸದಿಂದಲೇ ಹುಟ್ಟಿದವೆಂದು ಹೇಳುವುದು ನ್ಯಾಯವಾಗದು. ಬೆಂಗಳೂರು ಕ್ಲಬ್ 1868ರಲ್ಲಿ ಬ್ರಿಟಿಷ್ ಅಧಿಕಾರಿಗಳ ಯುನೈಟೆಡ್ ಸರ್ವಿಸ್ ಕ್ಲಬ್ಬಾಗಿ ಆರಂಭವಾಯಿತು. ಈಗಿನ ಹೆಸರು 1946ರದು. ಬೆಂಗಳೂರು ದಂಡಿನ ಆ ಕಾಲದ ಕ್ಲಬ್ಬು ದೊರೆಗಳದಾಗಿದ್ದಿತು, ನಾಡಿನವರದಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ ಮೈಸೂರು ಸಂಸ್ಥಾನದ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಸ್ಥಾಪನೆಗೂ ಅದಕ್ಕೆ ಮುನ್ನ ಮೈಸೂರು ಬ್ಯಾಂಕಿನ ಸ್ಥಾಪನೆಗೂ ಪ್ರೇರಕರಾದವರು ಅವರೇ. ನಾಡಿನ ಜನ ಒಂದೆಡೆ ಕುಳಿತು ಮಾತನಾಡಲು ತಮ್ಮದೇ ತಾಣವೊಂದು ಬೇಕೆಂಬ ಇಚ್ಛೆ ಪಾಪವಲ್ಲ. ಬಸದಿಯ ಸಮಿತಿಗೂ ಸಮಾಜದ ವಿದ್ಯಾರ್ಥಿನಿಲಯಕ್ಕೂ ಸದಸ್ಯರಿದ್ದಾರೆ, ಚಂದಾ ಇದೆ. ಆದುದರಿಂದ ಸೇರುವುದೇ ದೋಷವೆನ್ನಲಾಗದು. ಯಾವುದರಲ್ಲಿ ಸೇರಿದ್ದೇವೆ, ಸೇರಿದ ಮೇಲೆ ಯಾವುದರಲ್ಲಿ ಪಾಲು ನಮ್ಮದಾಗುತ್ತದೆ ಎಂಬುದನ್ನು ನೋಡಬೇಕು.

ಪಾಲಿನ ಈ ಪ್ರಶ್ನೆಗೆ ಧರ್ಮಗ್ರಂಥದಿಂದಲ್ಲ, ದೇಶದ ಸರ್ವೋಚ್ಚ ನ್ಯಾಯಾಲಯದಿಂದಲೇ ಒಂದು ಉತ್ತರ ದೊರೆತಿದೆ. ತೆರಿಗೆಯ ವ್ಯಾಜ್ಯಗಳಲ್ಲಿ ಸದಸ್ಯರೇ ನಡೆಸುವ ಕ್ಲಬ್ಬುಗಳು ಪರಸ್ಪರತೆಯ ತತ್ತ್ವವನ್ನು ಮುಂದಿಡುತ್ತವೆ. ಹಣ ಹಾಕುವವರೂ ಅದರ ಫಲವನ್ನು ಪಡೆಯುವವರೂ ಒಂದೇ ಜನ. ಕ್ಲಬ್ಬು ಸದಸ್ಯರಿಗಿಂತ ಬೇರೆಯಲ್ಲ. ತನ್ನಿಂದ ತಾನೇ ಲಾಭ ಗಳಿಸುವುದು ಯಾರಿಗೂ ಸಾಧ್ಯವಿಲ್ಲವಾದುದರಿಂದ ಇಲ್ಲಿ ತೆರಿಗೆಗೆ ಆಸ್ಪದವಿಲ್ಲ ಎಂಬುದು ಆ ವಾದ. 2013ರ ಜನವರಿಯಲ್ಲಿ ಬೆಂಗಳೂರು ಕ್ಲಬ್ಬಿನ ಮೊಕದ್ದಮೆಯಲ್ಲಿ ನ್ಯಾಯಾಲಯವು ಈ ತತ್ತ್ವಕ್ಕೆ ಒಂದು ಎಲ್ಲೆಯನ್ನು ಹಾಕಿತು. ಕ್ಲಬ್ಬು ತನ್ನ ಉಳಿಕೆ ಹಣವನ್ನು ಬ್ಯಾಂಕುಗಳಲ್ಲಿ ಠೇವಣಿ ಇಟ್ಟಿತ್ತು. ಆ ಬ್ಯಾಂಕುಗಳೂ ಕ್ಲಬ್ಬಿನ ಸದಸ್ಯರೇ. ಆದರೂ ಬ್ಯಾಂಕು ಆ ಹಣವನ್ನು ಹೊರಗಿನವರಿಗೆ ಸಾಲ ಕೊಟ್ಟೊಡನೆ ಪರಸ್ಪರತೆ ಮುರಿಯಿತು, ಬಡ್ಡಿಗೆ ತೆರಿಗೆ ಸಲ್ಲಬೇಕು ಎಂದಿತು. 2019ರಲ್ಲಿ ಕಲ್ಕತ್ತಾ ಕ್ಲಬ್ಬಿನ ಮೊಕದ್ದಮೆಯಲ್ಲಿ, ಸದಸ್ಯರಿಗೆ ತಿಂಡಿ ಪಾನೀಯಗಳನ್ನು ಕೊಡುವುದು ಮಾರಾಟವಲ್ಲವೆಂದು ತೀರ್ಪಾಯಿತು. ಮಾರುವವನೂ ಕೊಳ್ಳುವವನೂ ಇಬ್ಬರಾಗಿದ್ದರಲ್ಲವೇ ಮಾರಾಟ! 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಕ್ಲಬ್ಬಿನ ಹಿಂದಿನ ವರ್ಷಗಳ ಸಂಪತ್ತಿನ ತೆರಿಗೆಯ ವ್ಯಾಜ್ಯವೂ ಕ್ಲಬ್ಬಿನ ಪರವಾಗಿ ಮುಗಿಯಿತು. ಆ ತೀರ್ಪಿನ ಆರಂಭದಲ್ಲಿಯೇ ಒಂದು ಸ್ವಾರಸ್ಯವಿದೆ. 1899ರಲ್ಲಿ ಬಾಕಿ ಉಳಿಸಿಕೊಂಡ 17 ಮಂದಿಯ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ಲನ ಹೆಸರಿತ್ತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅವನ 13 ರೂಪಾಯಿಗಳ ಬಾಕಿ ಸಂದಾಯವಾಗಲೇ ಇಲ್ಲವೆಂದು ನ್ಯಾಯಮೂರ್ತಿಗಳು ನೆನೆದಿದ್ದಾರೆ.

ಕ್ಲಬ್ಬಿಗೆ ಅನುಕೂಲವಾದ ಈ ತತ್ತ್ವವನ್ನು ಶ್ರಾವಕನು ತನ್ನ ವ್ರತದ ಕಡೆಗೆ ತಿರುಗಿಸಿ ನೋಡಬೇಕು. ಕ್ಲಬ್ಬೂ ಸದಸ್ಯನೂ ಒಂದೇ ಆಗಿದ್ದರೆ, ಅಲ್ಲಿನ ಪಾನಗೃಹದಲ್ಲಿ ಮದ್ಯವನ್ನು ತರಿಸಿ ಹಂಚುವವರು ಯಾರು? ಅಡುಗೆಮನೆಗೆ ಮಾಂಸವನ್ನು ಕೊಂಡು ತರುವವರು ಯಾರು? ವ್ಯವಸ್ಥಾಪಕನಲ್ಲ, ಅವನು ಸಂಬಳದ ನೌಕರ. ಸದಸ್ಯರೆಲ್ಲರೂ ಸೇರಿ ತಮ್ಮ ಹಣದಿಂದ ತಮಗಾಗಿ ಅದನ್ನು ಮಾಡುತ್ತಾರೆ. ಆ ಸದಸ್ಯರಲ್ಲಿ ಕುಡಿಯದ, ತಿನ್ನದ ಶ್ರಾವಕನೂ ಒಬ್ಬ. ‘ಕುಡಿಯುವವರು ಕುಡಿಯಲಿ, ನಮಗೇನು’ ಎಂಬ ಮಾತು ಹೋಟೆಲಿಗೆ ಹೋದ ಗಿರಾಕಿಗೆ ಅಷ್ಟಿಷ್ಟು ಒಪ್ಪೀತು, ಸದಸ್ಯನಿಗೆ ಒಪ್ಪದು. (ಕಂಪನಿಯೊಂದು ಲಾಭಕ್ಕಾಗಿ ನಡೆಸುವ ವಿಹಾರ ಕ್ಲಬ್ಬುಗಳಲ್ಲಿ ಸದಸ್ಯನೆನಿಸಿಕೊಂಡವನು ನಿಜವಾಗಿ ಗಿರಾಕಿಯೇ, ಅಲ್ಲಿ ಪಾಲಿನ ಪ್ರಶ್ನೆ ಹಗುರ, ಹಣದ ಪ್ರಶ್ನೆ ಭಾರ.) 2021ರ ಹಣಕಾಸು ಕಾಯಿದೆಯು ಸರಕು ಮತ್ತು ಸೇವಾ ತೆರಿಗೆಯ ಮಟ್ಟಿಗೆ ಕ್ಲಬ್ಬನ್ನೂ ಸದಸ್ಯನನ್ನೂ ಬೇರೆ ಬೇರೆ ವ್ಯಕ್ತಿಗಳೆಂದು ಭಾವಿಸಬೇಕೆಂದಿತು, 2025ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಆ ವಿಧಿಯನ್ನು ಸಂವಿಧಾನಕ್ಕೆ ವಿರುದ್ಧವೆಂದಿತು. ತೆರಿಗೆಗಾಗಿ ಒಬ್ಬನನ್ನು ಇಬ್ಬರೆಂದು ಭಾವಿಸಬಹುದೇ ಎಂಬುದು ನ್ಯಾಯವಾದಿಗಳ ಚರ್ಚೆ. ಕರ್ಮಬಂಧಕ್ಕೆ ಅಂತಹ ಭಾವನೆಗಳ ಸೌಕರ್ಯವಿಲ್ಲ.

ಶಿಡ್ಲಘಟ್ಟದ ಸೀಮೆಯವರಿಗೆ ಈ ವಿಚಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗೂಡನ್ನು ಬಿಸಿನೀರಿಗೆ ಹಾಕುವವನು ಬೇರೆ, ನೂಲು ತೆಗೆಯುವವನು ಬೇರೆ, ಸೀರೆ ಉಡುವವರು ಬೇರೆ. ಆದರೂ ಬಸದಿಗೆ ಹೋಗುವಾಗ ರೇಷ್ಮೆ ಬೇಡವೆಂದು ಹತ್ತಿಯನ್ನು ಉಡುವ ಮನೆಗಳಿವೆ. ಕೈಗಳು ಬೇರೆಯಾದ ಮಾತ್ರಕ್ಕೆ ಸಂಬಂಧ ಕಡಿಯುವುದಿಲ್ಲವೆಂದು ಆ ಹೆಣ್ಣುಮಕ್ಕಳಿಗೆ ಯಾರೂ ಸೂತ್ರವನ್ನು ವ್ಯಾಖ್ಯಾನಿಸಿ ಹೇಳಿಲ್ಲ.

ಶಾಸ್ತ್ರವನ್ನು ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಅನುಮತಿತ್ಯಾಗವು ಹತ್ತನೆಯ ಪ್ರತಿಮೆಯಲ್ಲಿ ಬರುವಂಥದು; ಮೊದಲ ಮೆಟ್ಟಿಲಿನ ಗೃಹಸ್ಥನಿಗೆ ಅದನ್ನು ಹೊರಿಸುವುದು ಸರಿಯೇ? ಆಕ್ಷೇಪ ತೂಕವುಳ್ಳದ್ದು. ಆದರೆ ಹತ್ತನೆಯ ಪ್ರತಿಮಾಧಾರಿಯು ಬಿಡುವುದು ಆರಂಭ, ಪರಿಗ್ರಹ, ಮದುವೆ ಮುಂತಾದ ಲೌಕಿಕ ಕಾರ್ಯಗಳ ಅನುಮತಿಯನ್ನು. ಸಂಕಲ್ಪದಿಂದಾಗುವ ತ್ರಸಹಿಂಸೆಯ ವಿಷಯದಲ್ಲಿ ಕೃತ, ಕಾರಿತ, ಅನುಮತಗಳೆಂಬ ಮೂರನ್ನೂ ಸಮಂತಭದ್ರರು ಅಣುವ್ರತದ ಲಕ್ಷಣದಲ್ಲಿಯೇ ಹೇಳಿದ್ದಾರೆ. ಮದ್ಯ ಮಾಂಸ ಮಧುಗಳ ತ್ಯಾಗವಂತೂ ಮೂಲಗುಣವೇ. ಆದುದರಿಂದ ಹತ್ತನೆಯ ಪ್ರತಿಮೆಯವರೆಗೆ ಬಿಡುವಿದೆಯೆಂಬ ವಾದವು ಈ ಸಂದರ್ಭಕ್ಕೆ ಹೊಂದುವುದಿಲ್ಲ.

ಇನ್ನೊಂದು ಆಕ್ಷೇಪ ಲೌಕಿಕವಾದುದು, ಹೆಚ್ಚು ಕಠಿಣವಾದುದು. ಸರ್ಕಾರವೂ ಅಬಕಾರಿಯಿಂದ ಹಣ ಪಡೆಯುತ್ತದೆ. ಆ ಹಣದಿಂದಲೇ ರಸ್ತೆ, ಶಾಲೆ, ಆಸ್ಪತ್ರೆಗಳು. ಹಾಗಿದ್ದರೆ ಸಾದಲಿಯ ರಸ್ತೆಯಲ್ಲಿ ನಡೆಯುವವನೂ ಪಾಲುಗಾರನೇ? ವ್ಯತ್ಯಾಸವಿರುವುದು ಸಂಕಲ್ಪದಲ್ಲಿ. ನಾಡಿನಲ್ಲಿ ಹುಟ್ಟಿದವನು ನಾಡಿಗೆ ಅರ್ಜಿ ಹಾಕಲಿಲ್ಲ. ಕ್ಲಬ್ಬಿಗಾದರೋ ಅವನು ಸೂಚಕನನ್ನು ಹುಡುಕಿ, ಹಣ ಹೊಂದಿಸಿ, ಸರದಿಗೆ ಕಾದು, ಸಹಿ ಹಾಕಿ ಸೇರುತ್ತಾನೆ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಪೂರ್ತಿಯಾಗಿ ತಪ್ಪಲಾರವೆಂದು ಆಚಾರ್ಯರು ಕರುಣೆಯಿಂದ ಸಡಿಲಿಕೆಯಿತ್ತರು. ಸದಸ್ಯತ್ವವು ಅಡುಗೆಯ ಅನಿವಾರ್ಯವೂ ಅಲ್ಲ, ಜೀವನೋಪಾಯವೂ ಅಲ್ಲ, ಆತ್ಮರಕ್ಷಣೆಯೂ ಅಲ್ಲ. ‘ವ್ಯಾಪಾರಕ್ಕೆ ಪರಿಚಯ ಬೇಕು’ ಎಂದು ಅದನ್ನು ಉದ್ಯೋಗದಲ್ಲಿ ಸೇರಿಸುವವರುಂಟು. ಅದರಲ್ಲಿ ಸ್ವಲ್ಪ ಸತ್ಯವಿದೆ. ಎಷ್ಟು ಸತ್ಯವೆಂಬುದನ್ನು ಅವರವರೇ ಬಲ್ಲರು.

ನೀರಿನ ಮಾತನ್ನೂ ಬಿಡುವಂತಿಲ್ಲ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಹಸಿರನ್ನು ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಗಾಲ್ಫ್ ಮೈದಾನಕ್ಕೆ ನೆಲವನ್ನು ದಿಬ್ಬ ತಗ್ಗು ಮಾಡಬೇಕು, ಹುಲ್ಲನ್ನು ಬೆಳೆಸಿ ಮತ್ತೆ ಮತ್ತೆ ಕತ್ತರಿಸಬೇಕು, ಬೇಸಗೆಯಲ್ಲಿಯೂ ಒಣಗದಂತೆ ನೀರೂಡಿಸಬೇಕು. ಪೆನ್ನಾರ್, ಪಾಲಾರ್, ಚಿತ್ರಾವತಿಗಳು ನಂದಿಯ ಸುತ್ತಲ ಬೆಟ್ಟಸಾಲಿನಲ್ಲಿ ಹುಟ್ಟಿದರೂ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿವೆ; ಹೆಬ್ಬಾಳ ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರನ್ನು ಇಲ್ಲಿನ ಕೆರೆಗಳಿಗೆ ತುಂಬುತ್ತಾರೆ. ಮೈದಾನಗಳಿಗೂ ಸಂಸ್ಕರಿಸಿದ ನೀರನ್ನೇ ಹಾಯಿಸಬಹುದೆಂದು ಸಮಾಧಾನ ಹೇಳುವವರಿದ್ದಾರೆ. ಅದೇ ನೀರಿಗಾಗಿ ಕೆರೆ ಕಾದಿರುವಾಗ ಆ ಸಮಾಧಾನ ಪೂರ್ತಿಯಾಗಿ ನಿಲ್ಲುವುದಿಲ್ಲ.

ಇನ್ನು ಮೊದಲಿನ ಪ್ರಶ್ನೆ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿಡಲಿಲ್ಲ, ಮೂರ್ಛೆಯಲ್ಲಿಟ್ಟರು. ಹೊಲ ಮನೆಗಳ ಮೇಲಿನ ಮಮತೆಯಲ್ಲಿ ಬಳಕೆಯ ಅಗತ್ಯವೂ ಬೆರೆತಿರುವುದರಿಂದ ಮೂರ್ಛೆ ಎಲ್ಲಿ ಆರಂಭವಾಯಿತೆಂದು ಹೇಳುವುದು ಕಷ್ಟ. ಸದಸ್ಯತ್ವದಲ್ಲಿ ವಸ್ತುವೇ ಇಲ್ಲವಾದುದರಿಂದ ಮೂರ್ಛೆ ಬತ್ತಲೆಯಾಗಿ ಕಾಣುತ್ತದೆ. ಈಜುಕೊಳ ಬೇರೆಡೆಯೂ ಇದೆ, ಟೆನಿಸ್ ಬೇರೆಡೆಯೂ ಇದೆ. ಎಲ್ಲಿಯೂ ಸಿಗದಿರುವುದು ಬಾಗಿಲಲ್ಲಿ ಇತರರನ್ನು ತಡೆದಾಗ ತನ್ನನ್ನು ಒಳಗೆ ಬಿಡುವರೆಂಬ ಸಂಗತಿ. ಹೊರಗೆ ನಿಲ್ಲುವವರು ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಎಂಟು ಮದಗಳಲ್ಲಿ ಕುಲಮದ, ಋದ್ಧಿಮದಗಳು ಇಲ್ಲಿ ಹಣ ಕೊಟ್ಟು ದೊರೆಯುತ್ತವೆ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ಲೋಭದ ಪಕ್ಕದಲ್ಲಿಯೇ ವಿಸ್ಮಯವನ್ನು ಹೇಳಿದ್ದಾರೆ. ಪರರ ವೈಭವವನ್ನು ಕಂಡು ಬೆರಗಾಗುವುದು, ತನಗಿಲ್ಲವೆಂದು ಕೊರಗುವುದು ಅದು. ಅರ್ಜಿಯ ಮೇಲೆ ಸಹಿ ಬೀಳುವುದಕ್ಕೆ ಬಹಳ ಮೊದಲೇ ಮನೆಯಲ್ಲಿ ಕಾಣಿಸಿಕೊಳ್ಳುವುದು ಈ ವಿಸ್ಮಯವೇ. ಮಗನಲ್ಲಿ ಮಾತ್ರವಲ್ಲ, ಕೆಲವೊಮ್ಮೆ ಬಂಧುಗಳ ಮುಂದೆ ಆ ಹೆಸರನ್ನು ಹೇಳಿಕೊಳ್ಳಲು ಬಯಸುವ ತಂದೆಯಲ್ಲಿಯೂ.

ಈಗಾಗಲೇ ಸದಸ್ಯರಾಗಿರುವ ಶ್ರಾವಕರೂ ಇದ್ದಾರೆ. ಅವರನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಬಿಟ್ಟರೆ ಪ್ರವೇಶಶುಲ್ಕ ಬಾರದು, ಸ್ನೇಹಿತರು ಏನೆಂದಾರು ಎಂಬ ಅಳುಕು ಅವರಿಗಿರುವುದು ಸಹಜ. ವಾರ್ಷಿಕ ಸದಸ್ಯತ್ವವಾದರೆ ವರ್ಷದ ಕೊನೆಗೆ ನವೀಕರಿಸದೆ ಇರಬಹುದು. ಸೇರಬೇಕೆಂದಿರುವವರು ಸಹಿಗೆ ಮೊದಲು ಕ್ಲಬ್ಬಿನ ನಿಯಮಾವಳಿಯನ್ನೂ ಕಳೆದ ವರ್ಷದ ಆಯವ್ಯಯ ಪತ್ರವನ್ನೂ ಕೇಳಿ ಪಡೆಯುವುದು ಒಳ್ಳೆಯದು. ನಿಯಮಾವಳಿಯಲ್ಲಿ ಕನಿಷ್ಠ ಬಳಕೆಯ ಮೊತ್ತವೆಷ್ಟೆಂದು, ಆಯವ್ಯಯ ಪತ್ರದಲ್ಲಿ ಪಾನಗೃಹದ ಬಾಬಿನ ಎದುರು ಎಷ್ಟು ಬರೆದಿದೆಯೆಂದು ನೋಡಬೇಕು. ಟೆನಿಸಿನ ಅಂಗಳಕ್ಕೂ ಈಜುಕೊಳಕ್ಕೂ ತಗಲುವ ವೆಚ್ಚ ಚಂದಾದಿಂದ ತುಂಬುತ್ತಿದೆಯೋ ಆ ಬಾಬಿನಿಂದ ತುಂಬುತ್ತಿದೆಯೋ ಎಂಬುದನ್ನು ಕೂಡಿ ಕಳೆದು ತಿಳಿಯಲು ಅಂಗಡಿಯ ಲೆಕ್ಕ ಬರೆದವರಿಗೆ ಅರ್ಧ ಗಂಟೆ ಸಾಕು. ಮಗನು ಆ ಎರಡು ಕಾಗದಗಳನ್ನು ಊರಿಗೆ ತಂದರೆ, ಉಪವಾಸದ ಮರುದಿನ ಪಾರಣೆ ಮುಗಿದ ಮೇಲೆ ತಂದೆ ಮಕ್ಕಳು ಒಟ್ಟಿಗೆ ಕುಳಿತು ಓದಬಹುದು.