ಮಳೆ ಪುಸ್ತಕ ರದ್ದಿಗೆ ಹೋಗದಿರಲಿ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಇಕ್ಕೇರಿ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ವರದಮೂಲ. ವರದಾಂಬೆಯ ಗುಡಿ, ತೀರ್ಥದ ಕೊಳ, ಸುತ್ತ ಅಡಿಕೆ ತೋಟ. ಇಲ್ಲಿ ಹುಟ್ಟುವ ವರದಾ ನದಿ ಸೊರಬದ ಗದ್ದೆಬಯಲು, ಬನವಾಸಿ ಹಾದು ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಆ ನೀರಿನ ಕೊನೆಯ ನೆಲೆ ಬಂಗಾಳಕೊಲ್ಲಿ. ಇದೇ ತಾಲ್ಲೂಕಿನ ಇನ್ನೊಂದು ಮಗ್ಗುಲಲ್ಲಿ ಬಿದ್ದ ಮಳೆ ಶರಾವತಿಗೆ ಇಳಿದು, ಲಿಂಗನಮಕ್ಕಿಯಲ್ಲಿ ನಿಂತು, ಜೋಗದ ಕಣಿವೆ ದಾಟಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಸೀಮೆಯ ಮಳೆ ಎರಡು ಕಡಲಿಗೆ ಹಂಚಿಹೋಗುವ ಜಾಗ ಇದು.

ಮಳೆಯ ಪ್ರಮಾಣವೂ ಇಲ್ಲಿ ಊರಿಂದೂರಿಗೆ ಬದಲಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಹೊಸನಗರ ತಾಲ್ಲೂಕಿನ ಹುಲಿಕಲ್ ಆಗುಂಬೆಯನ್ನೂ ಹಿಂದಿಕ್ಕಿದ ವರ್ಷಗಳಿವೆ. ಘಟ್ಟದ ಅಂಚು ಬಿಟ್ಟು ಪೂರ್ವಕ್ಕೆ ಸರಿದು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಅದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಹೀಗಿರುವಾಗ ಜಿಲ್ಲೆಯ ಸರಾಸರಿ ಇಷ್ಟು ಎಂದು ಪತ್ರಿಕೆಯಲ್ಲಿ ಓದಿದ ವರದಮೂಲದ ತೋಟಿಗನಿಗೆ ತನ್ನ ತೋಟದ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಅವನಿಗೆ ಬೇಕಾದದ್ದು ಅವನ ಅಂಗಳದ ಲೆಕ್ಕ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಆ ಲೆಕ್ಕ ಇದೆ, ಅಥವಾ ಇತ್ತು. ಆಳುಗಳ ಕೂಲಿ, ಕೊನೆ ಕೊಯ್ಲು, ಗೊಬ್ಬರದ ಖರ್ಚು ಬರೆಯುವ ಡೈರಿಯ ಅಂಚಿನಲ್ಲೇ ಅಂದಿನ ಮಳೆಯನ್ನೂ ಗುರುತಿಸಿಟ್ಟ ಹಿರಿಯರಿದ್ದಾರೆ. ಹಳೆಯ ಪುಟಗಳಲ್ಲಿ ಇಂಚು–ಸೆಂಟು, ಆಮೇಲಿನ ಪುಟಗಳಲ್ಲಿ ಮಿಲಿಮೀಟರು. ಮಳೆಮಾಪಕ ಇಲ್ಲದವರು ಪಂಚಾಂಗದ ಬದಿಯಲ್ಲಿ ‘ಜೋರು’, ‘ಸಾಧಾರಣ’, ‘ಹೊಳವು’ ಎಂದಷ್ಟೇ ಬರೆದರು. ದಕ್ಷಿಣ ಕನ್ನಡದ ಸುಳ್ಯ ಸೀಮೆಯಲ್ಲಿ ನಾಲ್ಕು ದಶಕಗಳಿಗೂ ಮೀರಿ ದಿನ ತಪ್ಪದೆ ಮಳೆ ಅಳೆದ ಅಡಿಕೆ ಕೃಷಿಕರಿದ್ದಾರೆ. ಯಾರೂ ಹೇಳದೆ, ಯಾರ ಸಂಬಳವೂ ಇಲ್ಲದೆ ಮಾಡಿದ ಕೆಲಸ ಇದು. ನನ್ನ ಕಣ್ಣಿಗೆ ಇವರು ಈ ನಾಡಿನ ದೊಡ್ಡ ವಿಜ್ಞಾನ ಸೇವಕರು.

‘ಈಗಿನ ಮಳೆ ಮೊದಲಿನ ಹಾಗಿಲ್ಲ’ ಎಂಬ ಮಾತು ಪ್ರತಿ ತಲೆಮಾರಿನ ಬಾಯಲ್ಲೂ ಇರುತ್ತದೆ. ಅದು ಎಷ್ಟು ನಿಜ? ನೆನಪನ್ನಷ್ಟೇ ನಂಬಿದರೆ ಉತ್ತರ ಸಿಗುವುದಿಲ್ಲ. ನೆನಪು ಸಂಕ ಕೊಚ್ಚಿಹೋದ ವರ್ಷವನ್ನು ಉಳಿಸಿಕೊಂಡು, ಹದವಾಗಿ ಸುರಿದ ಹತ್ತು ವರ್ಷಗಳನ್ನು ಮರೆಯುತ್ತದೆ. ಅತಿವೃಷ್ಟಿ ಹೊಸದೇನಲ್ಲ. 1946ರ ಆಗಸ್ಟ್ ತಿಂಗಳೊಂದರಲ್ಲೇ ಆಗುಂಬೆಯಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ಆ ಅಂಕಿ ನಮ್ಮ ಕೈಗೆ ಬಂದಿರುವುದು ಆ ಜಡಿಮಳೆಯಲ್ಲೂ ಹೊರಗೆ ಹೋಗಿ ಅಳತೆಗಾಜು ನೋಡಿದವರು ಇದ್ದುದರಿಂದ. ಒಂದು ಭಾರೀ ಮಳೆ, ಒಂದು ಬರ, ಒಂದು ಸೆಕೆಯ ಬೇಸಿಗೆ ಹವಾಮಾನ ಬದಲಾವಣೆಗೆ ಸಾಕ್ಷಿಯಾಗದು. ವಿಶ್ವ ಹವಾಮಾನ ಸಂಸ್ಥೆ ‘ವಾಡಿಕೆ’ ಎಂದು ಹೇಳಲು 30 ವರ್ಷಗಳ ಸರಾಸರಿ ಕೇಳುತ್ತದೆ; ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಮೂವತ್ತು ವರ್ಷ ಎಂದರೆ ಮಗ ಅಪ್ಪನ ಕೈಯಿಂದ ಡೈರಿ ತೆಗೆದುಕೊಳ್ಳುವಷ್ಟು ಕಾಲ.

ಹಾಗೆ ಬರೆದಿಟ್ಟ ಲೆಕ್ಕವನ್ನು ಓದುವಾಗಲೂ ಒಂದು ಎಚ್ಚರ ಬೇಕು. ನಾವು ಸಾಮಾನ್ಯವಾಗಿ ವರ್ಷದ ಒಟ್ಟು ಮೊತ್ತ ನೋಡಿ, ‘ಹೋದ ವರ್ಷಕ್ಕಿಂತ ಹತ್ತು ಇಂಚು ಹೆಚ್ಚು’ ಎಂದು ಪುಸ್ತಕ ಮುಚ್ಚುತ್ತೇವೆ. ಬದಲಾವಣೆ ಅಡಗಿರುವುದು ದಿನದ ಸಾಲುಗಳಲ್ಲಿ. ಮಳೆ ಬಂದದ್ದು ಎಷ್ಟು ದಿನ, ನಡುವೆ ಎಷ್ಟು ದಿನದ ಬಿಡುವು, ಒಂದೇ ದಿನ ಸುರಿದದ್ದು ಎಷ್ಟು, ಮೊದಲ ಮಳೆ ಯಾವಾಗ, ಕೊನೆಯದು ಯಾವಾಗ? ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತಾರೆ. ಒಂದು ವರ್ಷದ ಮಳೆ ನೂರಿಪ್ಪತ್ತು ದಿನಗಳಲ್ಲಿ ಹಂಚಿ ಬಂತೆಂದುಕೊಳ್ಳಿ. ಇನ್ನೊಂದು ವರ್ಷದ್ದು ಅಷ್ಟೇ ಮೊತ್ತ, ಎಂಬತ್ತು ದಿನಗಳಲ್ಲಿ ಮುಗಿಯಿತು. ಮೊತ್ತದ ಕಾಲಂ ನೋಡಿದವನಿಗೆ ಎರಡೂ ಒಂದೇ. ತೋಟಕ್ಕೆ, ಗದ್ದೆಗೆ, ಬಾವಿಗೆ ಅವು ಬೇರೆ ಬೇರೆ ವರ್ಷಗಳು. ಒಂದೇ ರಾತ್ರಿ ನೂರು ಮಿಲಿಮೀಟರ್ ಬಿದ್ದರೆ ಎಕರೆಗೆ ನಾಲ್ಕು ಲಕ್ಷ ಲೀಟರ್ ನೀರು. ಅಷ್ಟನ್ನು ಒಮ್ಮೆಲೇ ಇಂಗಿಸಿಕೊಳ್ಳಲು ಯಾವ ಬೆಟ್ಟಕ್ಕೂ ಆಗದು. ಅದು ಧರೆ ಕೆಡವಿಕೊಂಡು, ಮೇಲ್ಮಣ್ಣು ಹೊತ್ತುಕೊಂಡು ಹಳ್ಳಕ್ಕೆ ಓಡುತ್ತದೆ.

ನಮ್ಮ ಹಿರಿಯರು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಹಿಡಿದದ್ದರಲ್ಲಿ ದೊಡ್ಡ ಅನುಕೂಲವಿತ್ತು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ ಎಂದು ಹದಿಮೂರು–ಹದಿನಾಲ್ಕು ದಿನಗಳ ತುಂಡುಗಳು. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಜೂನ್ ಕೊನೆಯ ವಾರದ ಮಳೆ ತಪ್ಪಿದರೆ ಬೇಸಾಯದ ಗತಿ ಏನು ಎಂಬುದನ್ನು ಹೇಳುತ್ತದೆ. ವರ್ಷದ ಮೊತ್ತಕ್ಕಿಂತ ಈ ತುಂಡುಗಳು ಹೆಚ್ಚು ತಿಳಿಸುತ್ತವೆ. ಯಾವ ನಕ್ಷತ್ರ ಒಣಗಿತು, ಯಾವುದು ಉಕ್ಕಿತು ಎಂದು ಮೂವತ್ತು ವರ್ಷದ ಡೈರಿಯಲ್ಲಿ ಹುಡುಕಿದರೆ ಮಳೆಗಾಲದ ನಡೆ ಕಾಣತೊಡಗುತ್ತದೆ.

ಈಚಿನ ಎರಡು ವರ್ಷಗಳನ್ನೇ ನೋಡಿ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್. ಆ ಸಲ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಅಂದೇ ಕರ್ನಾಟಕದ ಕೆಲವು ಭಾಗಗಳಿಗೂ ಕಾಲಿಟ್ಟಿತು. ಅಡಿಕೆ ಬೆಳೆಗಾರನಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಕೊಳೆರೋಗ ತಡೆಯಲು ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ ಹೊಡೆದಿರಬೇಕು. ನಲವತ್ತು–ನಲವತ್ತೈದು ದಿನಗಳ ಮೇಲೆ ಎರಡನೇ ಔಷಧಿ. ಅದಕ್ಕೆ ಒಂದಿಷ್ಟು ಹೊಳವು ಸಿಗಬೇಕು, ಮರ ಹತ್ತುವ ಕೊನೆಗಾರನೂ ಸಿಗಬೇಕು. ಮೇ ಕೊನೆಗೇ ಮಳೆ ಹಿಡಿದುಕೊಂಡರೆ ಮೊದಲ ಔಷಧಿಯೇ ತಪ್ಪುತ್ತದೆ. ಜುಲೈ ಪೂರ್ತಿ ಬಿಡುವು ಕೊಡದಿದ್ದರೆ ಎರಡನೆಯದೂ ತಪ್ಪುತ್ತದೆ. ಮೇಲಿಂದ ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳನ್ನು ಎಲೆಚುಕ್ಕಿ ರೋಗ ಹಣ್ಣು ಮಾಡುತ್ತಿದೆ. ತೇವ ಮತ್ತು ಬಿಸಿಲಿನ ಯಾವ ಜೋಡಣೆಯಲ್ಲಿ ಈ ಶಿಲೀಂಧ್ರ ಹೆಚ್ಚುತ್ತದೆ ಎಂಬುದನ್ನು ತೋಟದ ಮಟ್ಟದಲ್ಲಿ ತಿಳಿಯಬೇಕಾದರೂ ದಿನದ ಮಳೆಯ ಲೆಕ್ಕವೇ ಬೇಕು. ಇದೇ ಸೀಮೆಯ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಊರವರ ಡೈರಿ ಮತ್ತು ಅಲ್ಲಿನ ಸಂಶೋಧಕರು ಒಂದೇ ಮೇಜಿಗೆ ಬರಬೇಕು.

ಮಳೆಯ ನಡೆ ಹೀಗೆ ಬದಲಾಗುವುದಕ್ಕೆ ವಿಜ್ಞಾನ ಹೇಳುವ ಮೂಲ ಕಾರಣ ಸರಳ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಪಕ್ಕದಲ್ಲೇ ಇರುವ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಹಿಡಿದಿಟ್ಟ ಆವಿ ಇಳಿಯುವಾಗ ಒಮ್ಮೆಲೇ ಇಳಿಯುತ್ತದೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾದುದನ್ನು ತೋರಿಸಿದರು. ಅವರಿಗೆ ಆಧಾರವಾದದ್ದು ಮಳೆಮಾಪಕಗಳ ದೀರ್ಘಕಾಲದ ದಿನದ ಲೆಕ್ಕ. ಆದರೆ ಮಧ್ಯಭಾರತದ ಮಾತನ್ನು ಹಾಗೇ ತಂದು ಇಕ್ಕೇರಿಗೆ ಅಂಟಿಸಬಾರದು. ಘಟ್ಟದ ನೆತ್ತಿ, ಘಟ್ಟದ ಬೆನ್ನು, ಅರೆಮಲೆನಾಡು ಒಂದೊಂದರ ನಡೆ ಬೇರೆ. 24 ಗಂಟೆಗಳಲ್ಲಿ 115.6 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ‘ಅತಿ ಭಾರೀ ಮಳೆ’ ಎನ್ನುತ್ತದೆ. ಹುಲಿಕಲ್ಲಿನ ಜುಲೈಗೆ ಅದು ಅಪರೂಪವೇನಲ್ಲ, ಶಿವಮೊಗ್ಗ ಪೇಟೆಗೆ ಅದೇ ಮಳೆ ಅನಾಹುತ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ನಮ್ಮ ಕಷ್ಟಗಳನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಅಭ್ಯಾಸ ಬೆಳೆಯುತ್ತಿದೆ. ಮೇ ತಿಂಗಳವರೆಗೂ ಮನೆ ಬಾಗಿಲಿಗೆ ಬರುತ್ತಿದ್ದ ಅಬ್ಬಿ ನೀರು ಈಗ ಎಷ್ಟೋ ಕಡೆ ಶಿವರಾತ್ರಿಗೇ ಸೊರಗುತ್ತದೆ. ಮಳೆ ಕಡಿಮೆಯಾದ್ದರಿಂದಲೇ? ಪುಸ್ತಕ ತೆರೆದು ನೋಡೋಣ. ಮಳೆಯ ಮೊತ್ತ ಹೆಚ್ಚೂಕಡಿಮೆ ಮೊದಲಿನಷ್ಟೇ ಇದ್ದು ಅಬ್ಬಿ ಮಾತ್ರ ಬೇಗ ಬತ್ತಿದ್ದರೆ ತಪ್ಪನ್ನು ಗುಡ್ಡದಲ್ಲಿ ಹುಡುಕಬೇಕು: ಅಕೇಶಿಯಾ ನೆಡುತೋಪಾದ ಕಾನು, ದರಗು ಪೂರಾ ಗುಡಿಸಿಹೋದ ಸೊಪ್ಪಿನಬೆಟ್ಟ, ಪಕ್ಕಪಕ್ಕದಲ್ಲೇ ಕೊರೆದ ಬೋರುಗಳು. ಮಳೆಯ ಲೆಕ್ಕ ಆಕಾಶದ ಮೇಲೆ ದೂರು ಹೇಳಲಿಕ್ಕಷ್ಟೇ ಇಲ್ಲ. ನಾವು ನೆಲಕ್ಕೆ ಮಾಡಿದ್ದನ್ನೂ ಅದು ತೋರಿಸುತ್ತದೆ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ನಂಬಿಕೆ.

ಬರೆದಿಟ್ಟ ಸಣ್ಣ ಸಾಲುಗಳು ಎಲ್ಲಿಯವರೆಗೆ ತಲುಪಬಲ್ಲವು ಎಂಬುದಕ್ಕೆ ಗಿಲ್ಬರ್ಟ್ ವಾಕರ್ ಅವರ ಕೆಲಸ ಸಾಕ್ಷಿ. 1904ರಲ್ಲಿ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾದ ಈ ಗಣಿತಜ್ಞ, ಬರಗಾಲಗಳ ಪೆಟ್ಟು ತಿಂದ ದೇಶಕ್ಕೆ ಮುಂಗಾರನ್ನು ಮೊದಲೇ ಹೇಳುವ ದಾರಿ ಹುಡುಕುತ್ತಿದ್ದರು. ಭಾರತೀಯ ಗುಮಾಸ್ತರ ನೆರವಿನಿಂದ ಇಲ್ಲಿನ ಮಳೆಯ ದಾಖಲೆಗಳನ್ನು ದೂರದೂರದ ನಾಡುಗಳ ವಾಯುಭಾರದ ದಾಖಲೆಗಳೊಂದಿಗೆ ತಾಳೆ ನೋಡಿದರು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ಒಂದು ಕಡೆ ಏರಿದಾಗ ಇನ್ನೊಂದು ಕಡೆ ಇಳಿಯುವುದು ಅವರಿಗೆ ಕಂಡಿತು. ಎಲ್ ನಿನೊ ಬಂದಾಗ ನಮ್ಮ ಮುಂಗಾರು ಏಕೆ ಮುನಿಯುತ್ತದೆ ಎಂಬ ಇಂದಿನ ತಿಳಿವಳಿಕೆಯ ಬೇರು ಅಲ್ಲಿದೆ. ಜಪಾನಿನ ಕ್ಯೋಟೊದಲ್ಲಿ ಚೆರ್ರಿ ಹೂವು ಅರಳಿದ ದಿನದ ದಾಖಲೆ ಅರಸುಮನೆಯ ದಿನಚರಿಗಳಿಂದ ಹಿಡಿದು ಸುಮಾರು 1,200 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. 2021ರ ಮಾರ್ಚ್ 26ಕ್ಕೇ ಹೂವು ತುಂಬಿ ನಿಂತಾಗ, ಅಷ್ಟು ಶತಮಾನಗಳಲ್ಲೇ ಇದು ಅತಿ ಬೇಗ ಎಂದು ಹೇಳಲು ಸಾಧ್ಯವಾದದ್ದು ಆ ದಿನಚರಿಗಳಿಂದ. ನಮ್ಮಲ್ಲೂ ಅಪ್ಪೆಮಿಡಿ ಹೂಬಿಟ್ಟ ದಿನ, ಸುರಗಿ ಅರಳಿದ ದಿನ, ಹತ್ತುಮೀನು ಗದ್ದೆಗೆ ಏರಿದ ದಿನ ಬರೆದಿಟ್ಟಿದ್ದರೆ! ರಿಪ್ಪನ್‌ಪೇಟೆಯ ಸಂತೆಗೆ ಮೊದಲ ಮಿಡಿ ಬಂದ ತಾರೀಖುಗಳ ಪಟ್ಟಿಯೂ ಒಂದು ಹವಾಮಾನ ದಾಖಲೆಯೇ.

ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ, ಇನ್ನು ನಮ್ಮ ಡೈರಿ ಯಾಕೆ ಎಂದು ಕೇಳುವವರಿದ್ದಾರೆ. ಯಂತ್ರ ಬೇಕು, ಅದು ಒಳ್ಳೆಯದೇ. ಆದರೆ ಯಂತ್ರಕ್ಕೆ ಎಲೆ ಕಟ್ಟಿಕೊಳ್ಳುತ್ತದೆ, ಬ್ಯಾಟರಿ ಸೋಲುತ್ತದೆ, ಮರ ಬೆಳೆದು ಅಡ್ಡ ನಿಲ್ಲುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ, ಕಾಳುಮೆಣಸಿಗೆ ಎಷ್ಟು ಪರಿಹಾರ ಎಂಬುದನ್ನು ತೀರ್ಮಾನಿಸುವುದು ಪಂಚಾಯಿತಿಯ ಮಳೆಮಾಪಕದ ಅಂಕಿ. ಅದು ತಪ್ಪಿದಾಗ ತೋಟಿಗನ ಕೈಯಲ್ಲಿ ಎದುರಿಗೆ ಇಡಲು ಏನಿದೆ? ಬೇಡ್ತಿ–ವರದಾ ನದಿ ಜೋಡಣೆಯ ಪ್ರಸ್ತಾಪವಾಗಲಿ, 2019ರಲ್ಲಿ ಮಲೆನಾಡು ಬೀದಿಗಿಳಿದು ವಿರೋಧಿಸಿದ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯಾಗಲಿ, ಇಲ್ಲಿ ನೀರು ಹೆಚ್ಚಾಗಿದೆ ಎಂಬ ನಂಬಿಕೆಯ ಮೇಲೇ ನಿಂತಿವೆ. ಅದಕ್ಕೆ ಉತ್ತರ ಕೊಡಬೇಕಾದವರು ಊರೂರಿನ ಲೆಕ್ಕ ಹಿಡಿದು ಕೊಡಬೇಕು.

ಕೆಳದಿ ನಾಯಕರ ಕಾಲದ ಓಲೆಗರಿ, ಕಡತಗಳನ್ನು ಕೆಳದಿಯ ವಸ್ತುಸಂಗ್ರಹಾಲಯ ಕಾಪಾಡಿಕೊಂಡು ಬಂದಿದೆ. ಮಳೆಯ ಡೈರಿಗಳಿಗೂ ಅಂಥದೊಂದು ನೆಲೆ ಸಿಗಬೇಕು. ಸಹಕಾರ ಸಂಘಗಳೋ ಶಾಲೆಗಳೋ ಆ ಹೊಣೆ ಹೊರಲಿ. ಅಲ್ಲಿಯವರೆಗೆ ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಡೈರಿ, ಪಂಚಾಂಗಗಳನ್ನು ರದ್ದಿಯವನಿಗೆ ಹಾಕುವ ಮುನ್ನ ಒಮ್ಮೆ ಪುಟ ತಿರುವಿ. ಮಳೆಯ ಒಂದು ಸಾಲು ಕಂಡರೂ ಪುಟಗಳ ಫೋಟೋ ತೆಗೆದು ವರ್ಷವಾರು ಇಡಿ, ಇಂಚಿನಲ್ಲಿ ಬರೆದದ್ದನ್ನು ತಿದ್ದಬೇಡಿ. ಹೊಸದಾಗಿ ಶುರುಮಾಡುವವರಿಗೆ ದೊಡ್ಡ ಖರ್ಚಿಲ್ಲ. ಒಂದು ಮಳೆಮಾಪಕ ಸಾಕು; ಅದಿಲ್ಲದಿದ್ದರೆ ನೇರ ಬದಿಯ ಡಬ್ಬಿ, ಒಂದು ಅಳತೆಪಟ್ಟಿ. ಮರ, ಮಾಡಿನಿಂದ ಅವುಗಳ ಎತ್ತರದ ಎರಡು ಪಟ್ಟು ದೂರದ ಬಯಲಲ್ಲಿ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆಯಿರಿ, ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನು ಬಿಡಬೇಡಿ. ನೀವು ಊರಲ್ಲಿಲ್ಲದ ದಿನ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಈಗಲೇ ಕಲಿಸಿಕೊಡಿ.